ಮಗುವನ್ನು ಮನೆಯಿಂದ ಕರೆದೊಯ್ಯುವ ಮುನ್ನ: ಮಿನ್ನೆಸೋಟದ ಕಾನೂನು ಕೇಳುವ ಪ್ರಶ್ನೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಕಾನೂನಿನ ಬಗ್ಗೆ ಓದಿದವರಿಗೆ ಗೊಂದಲ ಆಗುವುದು ಸಹಜ. ಒಬ್ಬರು ಅದನ್ನು 'ಕಪ್ಪು ಮಕ್ಕಳಿಗೆ ಬೇರೆ ಕಾನೂನು' ಅನ್ನುತ್ತಾರೆ. ಇನ್ನೊಬ್ಬರು 'ಕಪ್ಪು ಕುಟುಂಬಗಳಿಗೆ ಕೊನೆಗೂ ಸಿಕ್ಕ ನ್ಯಾಯ' ಅನ್ನುತ್ತಾರೆ. ಅಪಾಯದಲ್ಲಿರುವ ಮಕ್ಕಳನ್ನು ಅಲ್ಲೇ ಬಿಟ್ಟುಬಿಡುವ ಕಾನೂನು ಇದು ಅಂತ ಹೆದರುವವರೂ ಇದ್ದಾರೆ. ಮೂವರೂ ಮಾತಾಡುತ್ತಿರುವುದು ಒಂದೇ ಕಾನೂನಿನ ಬಗ್ಗೆ.

ಅದರ ಹೆಸರು ಉದ್ದವಾಗಿದೆ: ಮಿನ್ನೆಸೋಟ ಆಫ್ರಿಕನ್ ಅಮೆರಿಕನ್ ಫ್ಯಾಮಿಲಿ ಪ್ರಿಸರ್ವೇಶನ್ ಆ್ಯಂಡ್ ಚೈಲ್ಡ್ ವೆಲ್‌ಫೇರ್ ಡಿಸ್‌ಪ್ರಪೋರ್ಷನಾಲಿಟಿ ಆ್ಯಕ್ಟ್. 2024ರ ಮೇ ತಿಂಗಳಲ್ಲಿ ಗವರ್ನರ್ ಟಿಮ್ ವಾಲ್ಜ್ ಇದಕ್ಕೆ ಸಹಿ ಹಾಕಿದರು. 2025ರ ಜನವರಿಯಲ್ಲಿ ಮಿನಿಯಾಪೊಲಿಸ್ ಇರುವ ಹೆನೆಪಿನ್ ಮತ್ತು ಸೇಂಟ್ ಪಾಲ್ ಇರುವ ರ‍್ಯಾಮ್ಸೆ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಮೊದಲ ಹಂತ ಶುರುವಾಯಿತು. ರಾಜ್ಯದ 87 ಕೌಂಟಿಗಳಿಗೂ ಅನ್ವಯವಾಗಲು ಕಾನೂನು ಗೊತ್ತುಮಾಡಿದ ದಿನ 2027ರ ಜನವರಿ 1.

ಜಗಳ ಮೇಲ್ನೋಟಕ್ಕೆ ಬಣ್ಣದ ಬಗ್ಗೆ ಕಾಣುತ್ತದೆ. ಒಳಗೆ ಹೋದರೆ ಸಿಗುವುದು ಇನ್ನೂ ಹಳೆಯ ಪ್ರಶ್ನೆ. ಬಡವರ ಮನೆಯ ಕಷ್ಟವನ್ನು ಕಂಡ ಸರ್ಕಾರ ಮೊದಲು ಏನು ಮಾಡಬೇಕು? ಕಷ್ಟ ಕಳೆಯಬೇಕೋ, ಮಗುವನ್ನು ಕರೆದೊಯ್ಯಬೇಕೋ?

ಕಾನೂನಿನಲ್ಲಿ ಏನಿದೆ

ಅಮೆರಿಕದಲ್ಲಿ ಮಗುವಿಗೆ ಮನೆಯಲ್ಲಿ ತೊಂದರೆ ಇದೆ ಅನ್ನಿಸಿದರೆ ಟೀಚರು, ಡಾಕ್ಟರು, ನರ್ಸು ಮೊದಲಾದವರು ಕಡ್ಡಾಯವಾಗಿ ಸರ್ಕಾರಕ್ಕೆ ತಿಳಿಸಬೇಕು. ಆಮೇಲೆ ಸಮಾಜಕಾರ್ಯಕರ್ತರು ಮನೆಗೆ ಬಂದು ವಿಚಾರಿಸುತ್ತಾರೆ. ಅಪಾಯ ಇದೆ ಅಂತ ಕಂಡರೆ ಮಗುವನ್ನು ಬೇರೆ ಮನೆಯಲ್ಲಿ ಇಡುತ್ತಾರೆ. ಇದೇ ಫಾಸ್ಟರ್ ಕೇರ್. ಮಿನ್ನೆಸೋಟದಲ್ಲಿ ಕಪ್ಪು ಮಕ್ಕಳು ಹೀಗೆ ಮನೆಯಿಂದ ಹೊರಹೋಗುವ ಸಾಧ್ಯತೆ ಬಿಳಿ ಮಕ್ಕಳಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ.

ಮಗುವನ್ನು ಕರೆದೊಯ್ಯುವ ಮುನ್ನ ಕುಟುಂಬವನ್ನು ಉಳಿಸಲು 'ಸಮಂಜಸ ಪ್ರಯತ್ನ' ಮಾಡಬೇಕು ಅಂತ 1980ರ ಕೇಂದ್ರ ಕಾನೂನು ಹೇಳುತ್ತದೆ. ಸಮಂಜಸ ಅಂದರೆ ಎಷ್ಟು? ಆ ಕಾನೂನು ಅದನ್ನು ಬಿಡಿಸಿ ಹೇಳಲಿಲ್ಲ. ಮಿನ್ನೆಸೋಟದ ಕಾನೂನು ಆ ಜಾಗದಲ್ಲಿ 'ಸಕ್ರಿಯ ಪ್ರಯತ್ನ' ಎಂಬ ಗಟ್ಟಿ ಅಳತೆಗೋಲು ಇಟ್ಟಿತು. ಈ ಮಾತು ಹೊಸದಲ್ಲ. ಅಮೆರಿಕದ ಮೂಲನಿವಾಸಿ ಮಕ್ಕಳಿಗಾಗಿ 1978ರಲ್ಲಿ ಬಂದ ಕೇಂದ್ರ ಕಾನೂನಿನಲ್ಲೇ ಇದೆ.

ಜೊತೆಗೆ ಇನ್ನೂ ಕೆಲವು ಅಂಶಗಳಿವೆ. ಮಗುವನ್ನು ಹೊರಗಿಡಲೇಬೇಕಾದರೆ ಮೊದಲು ಬಂಧುಗಳನ್ನು ಹುಡುಕಬೇಕು. ಸಿಬ್ಬಂದಿಗೆ ಆ ಸಮುದಾಯದ ಬದುಕಿನ ಬಗ್ಗೆ ತರಬೇತಿ ಕೊಡಬೇಕು. ಸಮುದಾಯದವರೇ ಇರುವ ಸಲಹಾ ಮಂಡಳಿ ಇರಬೇಕು.

ಎರಡು ತಪ್ಪು ತಿಳುವಳಿಕೆಗಳನ್ನು ಇಲ್ಲೇ ಸರಿಮಾಡಿಕೊಳ್ಳೋಣ. ಈ ಕಾನೂನು ಕಪ್ಪು ಮಕ್ಕಳಿಗೆ ಮಾತ್ರ ಅಲ್ಲ. ಜನಾಂಗ, ಸಂಸ್ಕೃತಿ, ಅಂಗವೈಕಲ್ಯ ಅಥವಾ ಕಡಿಮೆ ಆದಾಯದ ಕಾರಣಕ್ಕೆ ಈ ವ್ಯವಸ್ಥೆಯಲ್ಲಿ ಲೆಕ್ಕಕ್ಕಿಂತ ಜಾಸ್ತಿ ಸಿಲುಕುವ ಗುಂಪುಗಳ ಮಕ್ಕಳೂ ಇದರಲ್ಲಿ ಬರುತ್ತಾರೆ. ಅಂದರೆ ಬಡ ಬಿಳಿ ಕುಟುಂಬದ ಮಗುವಿಗೂ ಇದು ಅನ್ವಯ. ಎರಡನೆಯದು, ಮಗುವಿನ ಜೀವಕ್ಕೆ ತಕ್ಷಣದ ಅಪಾಯ ಇದ್ದರೆ ಕೂಡಲೇ ಕರೆದೊಯ್ಯಲು ಕಾನೂನು ಅಡ್ಡಿ ಮಾಡುವುದಿಲ್ಲ.

ಒಂದು ಮನೆ, ಒಂದು ಕೆಟ್ಟ ಫರ್ನೇಸ್

'ಸಮಂಜಸ', 'ಸಕ್ರಿಯ' ಎಂಬ ಪದಗಳು ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗಬೇಕಾದರೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ.

ಜನವರಿ ತಿಂಗಳು. ಮಿನಿಯಾಪೊಲಿಸ್‌ನಲ್ಲಿ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಬಾಡಿಗೆ ಮನೆಯ ಫರ್ನೇಸ್, ಅಂದರೆ ಇಡೀ ಮನೆಯನ್ನು ಬೆಚ್ಚಗಿಡುವ ಯಂತ್ರ, ಕೆಟ್ಟು ವಾರವಾಗಿದೆ. ಮಾಲೀಕ ರಿಪೇರಿ ಮಾಡಿಸಿಲ್ಲ. ತಾಯಿ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತಾಳೆ. ಒಂಬತ್ತು ವರ್ಷದ ಮಗಳು ನಾಲ್ಕು ವರ್ಷದ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಇಬ್ಬರೂ ಜಾಕೆಟ್ ಹಾಕಿಕೊಂಡೇ, ಒಲೆಯ ಓವನ್ ಬಾಗಿಲು ತೆರೆದಿಟ್ಟು ಅದರ ಮುಂದೆ ಮಲಗುತ್ತಾರೆ. ಮಗಳು ಶಾಲೆಯಲ್ಲಿ ತೂಕಡಿಸುತ್ತಾಳೆ. ಟೀಚರ್ ಕಾರಣ ಕೇಳುತ್ತಾರೆ. ಆಕೆ ಹೇಳುತ್ತಾಳೆ. ಅಲ್ಲಿಂದ ಫೋನ್ ಹೋಗುತ್ತದೆ.

ಟೀಚರ್ ಫೋನ್ ಮಾಡಿದ್ದು ತಪ್ಪಲ್ಲ. ತೆರೆದ ಓವನ್ ನಿಜಕ್ಕೂ ಅಪಾಯ. ಆದರೆ ಫೈಲಿನಲ್ಲಿ ಬರುವ ಪದ ಏನು? 'ನಿರ್ಲಕ್ಷ್ಯ'. ಅದು ತಾಯಿಯ ಹೆಸರಿನ ಮುಂದೆ ಕೂರುತ್ತದೆ, ಮಾಲೀಕನ ಹೆಸರಿನ ಮುಂದೆ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ವಾ, ಹಾಗೆ.

ಈಗ ಹಳೆಯ ಪದ್ಧತಿ ಹೇಗೆ ನಡೆಯಬಹುದು ನೋಡಿ. ಕಾರ್ಯಕರ್ತೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಹತ್ತು ಫೋನ್ ನಂಬರುಗಳು: ಬಾಡಿಗೆದಾರರ ಸಹಾಯವಾಣಿ, ಮಕ್ಕಳ ಆರೈಕೆ ಸಬ್ಸಿಡಿ, ಪೋಷಕರ ತರಬೇತಿ ಕ್ಲಾಸು. ತಾಯಿ ಹಗಲಲ್ಲಿ ಎದ್ದಿದ್ದು ಈ ನಂಬರುಗಳಿಗೆ ಫೋನ್ ಮಾಡಬೇಕು. ಬಸ್ ಹಿಡಿದು ಕ್ಲಾಸಿಗೆ ಹೋಗಬೇಕು. ಎರಡು ಸಲ ತಪ್ಪಿಸಿದರೆ 'ಸಹಕರಿಸುತ್ತಿಲ್ಲ' ಎಂಬ ಟಿಪ್ಪಣಿ ಬೀಳುತ್ತದೆ. ಸುಮ್ನೆ ಹಾಳೆ ಕೊಟ್ಟಿದ್ದನ್ನೂ ಪ್ರಯತ್ನ ಅಂತ ಕೋರ್ಟಿನ ಮುಂದೆ ತೋರಿಸಬಹುದು.

ಸಕ್ರಿಯ ಪ್ರಯತ್ನ ಅಂದರೆ ಆ ಫೋನನ್ನು ಕಾರ್ಯಕರ್ತೆಯೇ ಮಾಡುವುದು. ಮಾಲೀಕನ ಮೇಲೆ ನಗರಪಾಲಿಕೆಗೆ ದೂರು ಹಾಕಿಸುವುದು. ರಿಪೇರಿ ಆಗುವವರೆಗೆ ಹೀಟರ್ ಅಥವಾ ತಾತ್ಕಾಲಿಕ ಮನೆ ಹೊಂದಿಸುವುದು. ರಾತ್ರಿ ಮಕ್ಕಳ ಜೊತೆ ಇರಬಲ್ಲ ಅಜ್ಜಿ, ಚಿಕ್ಕಮ್ಮ, ಚರ್ಚಿನ ಪರಿಚಯದವರು ಯಾರಿದ್ದಾರೆ ಅಂತ ತಾಯಿಯ ಜೊತೆ ಕೂತು ಪಟ್ಟಿ ಮಾಡುವುದು. ಇಷ್ಟೆಲ್ಲ ಮಾಡಿದ ಮೇಲೂ ಮಕ್ಕಳು ಸುರಕ್ಷಿತವಾಗಿಲ್ಲ ಅನ್ನಿಸಿದರೆ, ಏನೇನು ಮಾಡಿದೆವು ಅಂತ ಕೋರ್ಟಿಗೆ ಬಿಡಿಸಿ ಹೇಳುವುದು.

ಹೊಣೆ ತಾಯಿಯಿಂದ ಇಲಾಖೆಗೆ ದಾಟಿತು. ಕಾನೂನಿನ ತಿರುಳು ಇದು. ಉಳಿದ ವಾದಗಳೆಲ್ಲ ಇದರ ಸುತ್ತಲೇ ಹುಟ್ಟಿಕೊಂಡಿವೆ.

ಬಡತನಕ್ಕೆ 'ನಿರ್ಲಕ್ಷ್ಯ' ಅನ್ನುವ ಹೆಸರು ಹೇಗೆ ಬಂತು

ಅಮೆರಿಕದಲ್ಲಿ ದೃಢಪಟ್ಟ ಮಕ್ಕಳ ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಪಾಲು ನಿರ್ಲಕ್ಷ್ಯದವು. ಹೊಡೆತ, ಲೈಂಗಿಕ ಹಿಂಸೆ ಇದಕ್ಕಿಂತ ತುಂಬಾ ಕಡಿಮೆ. ನಿರ್ಲಕ್ಷ್ಯ ಅಂದರೆ ಊಟ, ಬಟ್ಟೆ, ಮನೆ, ಮೇಲ್ವಿಚಾರಣೆ ಇಲ್ಲದಿರುವುದು. ದುಡ್ಡು ಇಲ್ಲದ ಮನೆಯಲ್ಲಿ ಮೊದಲು ಕೊರತೆ ಬೀಳುವುದೂ ಇವೇ.

ಈ ಎರಡೂ ಒಂದಕ್ಕೊಂದು ಅಂಟಿಕೊಂಡದ್ದು ಆಕಸ್ಮಿಕ ಅಲ್ಲ. 1960ರಲ್ಲಿ ಲೂಯಿಸಿಯಾನ ರಾಜ್ಯ ಸುಮಾರು 23,000 ಮಕ್ಕಳ ಸರ್ಕಾರಿ ನೆರವನ್ನು ಒಂದೇ ಏಟಿಗೆ ನಿಲ್ಲಿಸಿತು. ಅವರಲ್ಲಿ ಬಹುಪಾಲು ಕಪ್ಪು ಮಕ್ಕಳು. ಮದುವೆಯಾಗದೆ ಮಗು ಹೆತ್ತ ತಾಯಂದಿರ ಮನೆ 'ಯೋಗ್ಯ ಮನೆ' ಅಲ್ಲ ಎಂಬುದು ರಾಜ್ಯ ಕೊಟ್ಟ ಕಾರಣ. ದಕ್ಷಿಣದ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನೂ ಸೇರಿಸಿಕೊಳ್ಳಬೇಕು ಎಂಬ ಹೋರಾಟ ತೀವ್ರವಾಗಿದ್ದ ಸಮಯ ಅದು.

ದೇಶದಾದ್ಯಂತ ಗದ್ದಲವಾಯಿತು. 1961ರ ಜನವರಿಯಲ್ಲಿ ಕೇಂದ್ರದ ಮಂತ್ರಿ ಆರ್ಥರ್ ಫ್ಲೆಮಿಂಗ್ ಒಂದು ನಿಯಮ ತಂದರು. ಮನೆ ಯೋಗ್ಯವಲ್ಲ ಅಂತ ನೆರವು ನಿಲ್ಲಿಸುವ ಹಾಗಿಲ್ಲ. ಒಂದೋ ಮನೆಯನ್ನು ಸರಿಪಡಿಸಲು ಸಹಾಯ ಮಾಡಿ, ಇಲ್ಲವೇ ಮಗುವನ್ನು ಬೇರೆ ಕಡೆ ಇಡಿ, ಆದರೆ ನೆರವು ಮುಂದುವರಿಸಿ. ಉದ್ದೇಶ ಒಳ್ಳೆಯದೇ. ಅದೇ ವರ್ಷ ಮಕ್ಕಳನ್ನು ಹೊರಗಿಡುವ ಖರ್ಚಿಗೂ ಕೇಂದ್ರದ ಹಣ ಸಿಗಲು ಶುರುವಾಯಿತು. ಮನೆ ಸರಿಪಡಿಸುವುದು ಕಷ್ಟದ, ನಿಧಾನದ ಕೆಲಸ. ಮಗುವನ್ನು ಹೊರಗಿಡುವುದು ಅದಕ್ಕಿಂತ ಸುಲಭ. ಹಣ ಸುಲಭದ ದಾರಿಗೆ ಹರಿಯಿತು. ಅಲ್ಲಿಯವರೆಗೆ ಮಕ್ಕಳ ಕಲ್ಯಾಣ ವ್ಯವಸ್ಥೆ ಕಪ್ಪು ಮಕ್ಕಳನ್ನು ಹೆಚ್ಚಾಗಿ ಹೊರಗೇ ಇಟ್ಟಿತ್ತು. ಆಮೇಲಿನ ದಶಕಗಳಲ್ಲಿ ಅವರನ್ನು ಒಳಗೆ ಎಳೆದುಕೊಂಡಿತು, ಫಾಸ್ಟರ್ ಕೇರ್‌ನ ರೂಪದಲ್ಲಿ.

ಎರಡನೆಯ ತಿರುವಿಗೂ ಮಿನ್ನೆಸೋಟಕ್ಕೂ ನಂಟಿದೆ. ಆ ರಾಜ್ಯದ ಸೆನೆಟರ್ ವಾಲ್ಟರ್ ಮಾಂಡೇಲ್ 1971ರಲ್ಲಿ ಎಲ್ಲ ಮಕ್ಕಳಿಗೂ ಡೇಕೇರ್ ಒದಗಿಸುವ ಮಸೂದೆಗೆ ದುಡಿದಿದ್ದರು. ಅಧ್ಯಕ್ಷ ನಿಕ್ಸನ್ ಅದನ್ನು ತಡೆದರು. ಮುಂದೆ ಮಾಂಡೇಲ್ ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಮಸೂದೆ ತಂದಾಗ ಅದಕ್ಕೂ ಅದೇ ಗತಿ ಆಗಬಾರದಿತ್ತು. ಹಾಗಾಗಿ ಇದು ಬಡವರ ಸಮಸ್ಯೆ ಅಲ್ಲ, ಎಲ್ಲ ವರ್ಗದ ಮನೆಗಳಲ್ಲೂ ಇದೆ ಅಂತ ಒತ್ತಿ ಹೇಳಿದರು. 1974ರಲ್ಲಿ ಕಾನೂನು ಬಂತು. ದೂರು ಕೊಡುವ, ವಿಚಾರಣೆ ಮಾಡುವ ಜಾಲ ದೇಶದ ತುಂಬಾ ಹರಡಿತು. ಬಡತನ ಕಳೆಯುವ ಮಾತು ಮಾತ್ರ ಕಾನೂನಿನಿಂದ ಹೊರಗೆ ಉಳಿಯಿತು. ವಿಚಾರಣೆಗೆ ಬಂದವರ ಕೈಯಲ್ಲಿ ಕೊಡಲು ಏನೂ ಇರಲಿಲ್ಲ, ತೆಗೆದುಕೊಂಡು ಹೋಗುವ ಅಧಿಕಾರ ಇತ್ತು.

1997ರ ಕೇಂದ್ರ ಕಾನೂನಿನಿಂದ ಇದಕ್ಕೆ ಒಂದು ಗಡಿಯಾರವೂ ಸೇರಿತು. ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಫಾಸ್ಟರ್ ಕೇರ್‌ನಲ್ಲಿ ಇದ್ದರೆ, ಕೆಲವು ವಿನಾಯಿತಿ ಬಿಟ್ಟು, ಹೆತ್ತವರ ಹಕ್ಕನ್ನೇ ರದ್ದು ಮಾಡಲು ರಾಜ್ಯ ಅರ್ಜಿ ಹಾಕಬೇಕು. ಮಗು ವರ್ಷಗಟ್ಟಲೆ ಅತಂತ್ರವಾಗಿ ಇರಬಾರದು ಎಂಬ ಕಾಳಜಿ ಅದರಲ್ಲಿತ್ತು. ಆದರೆ ಮನೆಯ ವೇಟಿಂಗ್ ಲಿಸ್ಟ್ ಎರಡು ವರ್ಷದ್ದಾಗಿದ್ದರೆ? ತಾಯಿ ಜೈಲಿನಲ್ಲಿ ಇದ್ದರೆ? ಗಡಿಯಾರ ಕಾಯುವುದಿಲ್ಲ.

ಇವೆಲ್ಲ ಸೇರಿದ ಪರಿಣಾಮ ಒಂದು ಲೆಕ್ಕದಲ್ಲಿ ಕಾಣುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಮೆರಿಕದ ಮಕ್ಕಳಲ್ಲಿ ಸುಮಾರು 37 ಶೇಕಡಾ ಮಂದಿ 18 ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಇಂಥ ವಿಚಾರಣೆ ಎದುರಿಸುತ್ತಾರೆ. ಕಪ್ಪು ಮಕ್ಕಳಲ್ಲಿ ಇದು ಸುಮಾರು 53 ಶೇಕಡಾ. ಅರ್ಧಕ್ಕಿಂತ ಜಾಸ್ತಿ.

ಸಮಾಜಕಾರ್ಯದ ಒಳಗೇ ಇದ್ದ ಇನ್ನೊಂದು ದಾರಿ

ದಬ್ಬಾಳಿಕೆ ವಿರೋಧಿ ಸಮಾಜಕಾರ್ಯ ಎಂಬ ಹೆಸರು 1980-90ರ ದಶಕಗಳಲ್ಲಿ ಬ್ರಿಟನ್, ಕೆನಡಾಗಳಲ್ಲಿ ಬೆಳೆಯಿತು. ಸರಳವಾಗಿ ಹೇಳಬೇಕೆಂದರೆ, 'ಈ ತಾಯಿಯಲ್ಲಿ ಏನು ಕೊರತೆ' ಅಂತ ಕೇಳುವ ಬದಲು 'ಈ ತಾಯಿಯ ಸುತ್ತ ಏನೇನು ಅವಳನ್ನು ಒತ್ತುತ್ತಿದೆ' ಅಂತ ಕೇಳುವ ಪದ್ಧತಿ. ಕೇಳುವವರ ಕೈಯಲ್ಲಿರುವ ಅಧಿಕಾರವನ್ನೂ ಆ ಒತ್ತಡದ ಭಾಗವಾಗಿಯೇ ಅದು ನೋಡುತ್ತದೆ.

ಹೆಸರು ತಡವಾಗಿ ಬಂದರೂ ಕೆಲಸ ಹಳೆಯದು. ಆದರೆ ದೊಡ್ಡ ಸಂಸ್ಥೆಗಳು ಹಿಡಿದದ್ದು ಬೇರೆ ದಾರಿ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ದತ್ತಿ ಸಂಸ್ಥೆಗಳು ಸ್ಥಿತಿವಂತ ಹೆಂಗಸರನ್ನು ಬಡವರ ಮನೆಗೆ 'ಸ್ನೇಹದ ಸಂದರ್ಶಕರು' ಅಂತ ಕಳಿಸುತ್ತಿದ್ದವು. ನೆರವಿಗೆ ಯಾರು ಯೋಗ್ಯರು, ಯಾರು ಅಲ್ಲ ಅಂತ ನಿರ್ಧರಿಸುವುದು ಅವರ ಕೆಲಸವಾಗಿತ್ತು. ಕರ್ನಾಟಕದ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ) ತರಗತಿಗಳಲ್ಲಿ ಇವತ್ತಿಗೂ ಕಲಿಸುವ 'ಕೇಸ್‌ವರ್ಕ್', ಅಂದರೆ ಒಬ್ಬೊಬ್ಬರ ಸಮಸ್ಯೆಯನ್ನು ಪ್ರತ್ಯೇಕವಾಗಿ ನೋಡಿ ನೆರವಾಗುವ ಪದ್ಧತಿ, ಆ ಬೇರಿನಿಂದಲೇ ಬೆಳೆದದ್ದು.

ಕಪ್ಪು ಜನರಿಗೆ ಆ ಸಂಸ್ಥೆಗಳ ಬಾಗಿಲು ಹೆಚ್ಚಾಗಿ ಮುಚ್ಚಿತ್ತು. ಅವರು ತಮ್ಮದೇ ಕಟ್ಟಿಕೊಂಡರು. ಮಿನಿಯಾಪೊಲಿಸ್‌ನ ಉತ್ತರ ಭಾಗದಲ್ಲಿ 1924ರಲ್ಲಿ ಶುರುವಾದ ಫಿಲ್ಲಿಸ್ ವೀಟ್ಲಿ ಹೌಸ್ ಅಂಥದ್ದು. ಅದರ ಮೊದಲ ಮುಖ್ಯಸ್ಥೆ ಗರ್ಟ್ರೂಡ್ ಬ್ರೌನ್. ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ದೊಡ್ಡವರಿಗೆ ಪಾಠ, ಸಂಜೆಯ ಸಭೆ ಎಲ್ಲ ಒಂದೇ ಸೂರಿನಡಿ. ವಿಶ್ವವಿದ್ಯಾಲಯದ ಹಾಸ್ಟೆಲ್ ಸೇರಿಸಿಕೊಳ್ಳದ ಕಪ್ಪು ವಿದ್ಯಾರ್ಥಿಗಳಿಗೆ ಮಲಗಲು ಅಲ್ಲೇ ಜಾಗ ಸಿಗುತ್ತಿತ್ತು. ಹೋಟೆಲುಗಳು ಕೋಣೆ ಕೊಡದ ಕಪ್ಪು ಕಲಾವಿದರೂ ಅಲ್ಲೇ ತಂಗುತ್ತಿದ್ದರು. ರಾತ್ರಿ ಪಾಳಿಯ ತಾಯಿಗೆ ಬೇಕಾಗಿದ್ದದ್ದು ಇಂಥ ಸೂರೇ ಅಲ್ವಾ?

ಈ ಬಗೆಯ ಆಸರೆಗಳು ತಾವಾಗಿಯೇ ಮಾಯವಾಗಲಿಲ್ಲ. ಸೇಂಟ್ ಪಾಲ್‌ನ ರೊಂಡೊ ಕಪ್ಪು ಜನರ ಬಡಾವಣೆ. 1950ರ ದಶಕದ ಕೊನೆ ಮತ್ತು 60ರ ದಶಕದಲ್ಲಿ ಹೆದ್ದಾರಿ ಐ-94 ಅದರ ನಡುವೆಯೇ ಹಾದುಹೋಯಿತು. ನೂರಾರು ಮನೆಗಳು, ಅಂಗಡಿಗಳು ನೆಲಸಮವಾದವು. ಪಕ್ಕದ ಬೀದಿಯಲ್ಲಿದ್ದ ಅಜ್ಜಿ ಊರಿನ ಇನ್ನೊಂದು ತುದಿಗೆ ಹೋದಳು. ಆಮೇಲೆ ಇಲಾಖೆ ಬಂದು 'ನಿಮಗೆ ಸಹಾಯಕ್ಕೆ ಯಾರೂ ಇಲ್ಲವೇ' ಅಂತ ಕೇಳಿದರೆ ಆ ಪ್ರಶ್ನೆಯ ಹಿಂದೆ ಒಂದು ರಸ್ತೆಯ ಕಥೆಯೂ ಇರುತ್ತದೆ.

1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ರಾಷ್ಟ್ರೀಯ ಸಮ್ಮೇಳನದಿಂದ ಕಪ್ಪು ಸಮಾಜಕಾರ್ಯಕರ್ತರು ಎದ್ದು ಹೊರನಡೆದು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿದರು. ನಮ್ಮ ಸಮುದಾಯದ ಸೇವೆಯನ್ನು ನಮ್ಮನ್ನು ಕೇಳದೆ ರೂಪಿಸಬೇಡಿ ಎಂಬುದು ಅವರ ಪಟ್ಟು. ಆ ದೇಶದ ಮುಖ್ಯ ಸಮಾಜಕಾರ್ಯಕರ್ತರ ಸಂಘ ತನ್ನ ವೃತ್ತಿಯ ಜನಾಂಗೀಯ ತಪ್ಪುಗಳಿಗೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2021ರಲ್ಲಿ. ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಮಿನಿಯಾಪೊಲಿಸ್‌ನ ಬೀದಿಯಲ್ಲಿ ಪೊಲೀಸರ ಕೈಯಲ್ಲಿ ಸತ್ತ ಮರುವರ್ಷ.

ವಿರೋಧದ ಮಾತುಗಳು ಹಗುರವಲ್ಲ

ಮೊದಲ ಆಕ್ಷೇಪ ಮಕ್ಕಳ ಜೀವದ್ದು. ಕೇಂದ್ರ ಸರ್ಕಾರದ ವರದಿಗಳ ಪ್ರಕಾರ ದೌರ್ಜನ್ಯ, ನಿರ್ಲಕ್ಷ್ಯದಿಂದ ಸಾಯುವ ಕಪ್ಪು ಮಕ್ಕಳ ಪ್ರಮಾಣ ಬಿಳಿ ಮಕ್ಕಳಿಗಿಂತ ಹೆಚ್ಚು ಕಡಿಮೆ ಮೂರು ಪಟ್ಟು. ಹಾಗಿದ್ದಾಗ ಜಾಸ್ತಿ ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಪಕ್ಷಪಾತ ಹೇಗಾಗುತ್ತದೆ, ಅವರಿಗೆ ಅಪಾಯವೇ ಜಾಸ್ತಿ ಇದೆಯಲ್ಲ ಎಂಬುದು ವಾದ. ಮಿನ್ನೆಸೋಟಕ್ಕೆ ಇದು ಸೂಕ್ಷ್ಮ ವಿಷಯ. 2013ರಲ್ಲಿ ಅಲ್ಲಿ ನಾಲ್ಕು ವರ್ಷದ ಒಂದು ಮಗು ಮನೆಯಲ್ಲೇ ಹಿಂಸೆಗೆ ಬಲಿಯಾಯಿತು. ಅದಕ್ಕೂ ಮೊದಲು ಆ ಮಗುವಿನ ಬಗ್ಗೆ 15 ದೂರುಗಳು ಬಂದಿದ್ದವು. ಇಡೀ ರಾಜ್ಯ ನಡುಗಿತು. ಕಾರ್ಯಪಡೆ ರಚನೆಯಾಯಿತು, ನಿಯಮ ಬಿಗಿಯಾದವು. ಮಕ್ಕಳ ಪರವಾಗಿ ಕೆಲಸ ಮಾಡುವ ಅಲ್ಲಿನ ಒಂದು ಸಂಸ್ಥೆ 2014ರಿಂದ 2022ರವರೆಗಿನ 88 ಮಕ್ಕಳ ಸಾವನ್ನು ಪರಿಶೀಲಿಸಿ, ಕುಟುಂಬ ಉಳಿಸುವ ಹಂಬಲದಲ್ಲಿ ಅಪಾಯದ ಸುಳಿವುಗಳನ್ನು ಕಡೆಗಣಿಸಲಾಗಿದೆ ಅಂತ ಹೇಳಿತು.

ಈ ಮಾತನ್ನು ಜನಾಂಗದ ದ್ವೇಷ ಅಂತ ತಳ್ಳಿಹಾಕುವುದು ತಪ್ಪು. ಸತ್ತ ಮಗುವಿನ ಮುಂದೆ ಯಾವ ಸಿದ್ಧಾಂತವೂ ನಿಲ್ಲುವುದಿಲ್ಲ. ಆದರೆ ಒಂದು ವಿಷಯ ಬೇರ್ಪಡಿಸಿ ನೋಡಬೇಕು. 15 ದೂರು ಬಂದರೂ ಮಗು ಉಳಿಯಲಿಲ್ಲ. ದೂರಿನ ಕೊರತೆ ಅಲ್ಲಿರಲಿಲ್ಲ, ಬಂದ ದೂರನ್ನು ನಿಂತು ನೋಡುವ ಕೆಲಸ ಆಗಲಿಲ್ಲ. ಕೆಟ್ಟ ಫರ್ನೇಸಿನ ಮನೆಯ ಫೈಲುಗಳೂ, ಮೂಳೆ ಮುರಿದ ಮಗುವಿನ ಫೈಲೂ ಒಂದೇ ಮೇಜಿನ ಮೇಲೆ ರಾಶಿ ಬಿದ್ದಾಗ ಕಳೆದುಹೋಗುವುದು ಎರಡನೆಯದೇ.

ಎರಡನೆಯ ಆಕ್ಷೇಪ ಸಂವಿಧಾನದ್ದು. ಹೆಸರಿನಲ್ಲೇ ಒಂದು ಜನಾಂಗ ಇರುವ ಕಾನೂನು ಸಮಾನತೆಯ ಪರೀಕ್ಷೆ ಗೆಲ್ಲುತ್ತದೆಯೇ? ಮೂಲನಿವಾಸಿ ಮಕ್ಕಳ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಎತ್ತಿಹಿಡಿಯಿತು. ಆದರೆ ಸಮಾನತೆಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅದನ್ನು ಎತ್ತಿದವರಿಗೆ ಆ ಪ್ರಶ್ನೆ ಕೇಳುವ ಅರ್ಹತೆಯೇ ಇಲ್ಲ ಅಂದಿತು. ಮೂಲನಿವಾಸಿ ಬುಡಕಟ್ಟುಗಳಿಗೆ ರಾಜಕೀಯ ಸ್ಥಾನಮಾನ ಇದೆ, ಸರ್ಕಾರದ ಜೊತೆ ಒಪ್ಪಂದಗಳಿವೆ. ಕಪ್ಪು ಅಮೆರಿಕನ್ನರಿಗೆ ಆ ಆಸರೆ ಇಲ್ಲ. ಅದೇ ಜೂನ್‌ನಲ್ಲಿ ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡುವುದನ್ನೂ ಆ ಕೋರ್ಟ್ ನಿಲ್ಲಿಸಿತು. ದತ್ತು ಮತ್ತು ಫಾಸ್ಟರ್ ಕೇರ್‌ನಲ್ಲಿ ಜನಾಂಗದ ಕಾರಣಕ್ಕೆ ಮಗುವಿಗೆ ಮನೆ ತಡಮಾಡಬಾರದು ಎಂಬ 1994ರ ಕೇಂದ್ರ ಕಾನೂನೂ ಇದೆ. ಮಿನ್ನೆಸೋಟದ ಕಾನೂನು ಕಡಿಮೆ ಆದಾಯದವರನ್ನೂ ಸೇರಿಸಿಕೊಂಡಿರುವುದು, ಬಣ್ಣದ ಬದಲು ಬಂಧುತ್ವಕ್ಕೆ ಆದ್ಯತೆ ಕೊಟ್ಟಿರುವುದು ಇಲ್ಲಿ ಉಪಯೋಗಕ್ಕೆ ಬರಬಹುದು.

ಇನ್ನೊಂದು ತುದಿಯಲ್ಲಿ ಈ ಕಾನೂನು ಸಾಲದು ಅನ್ನುವವರಿದ್ದಾರೆ. ಕಾನೂನು ಪ್ರಾಧ್ಯಾಪಕಿ ಡೊರೊಥಿ ರಾಬರ್ಟ್ಸ್ ಈ ವ್ಯವಸ್ಥೆಯನ್ನು 'ಕುಟುಂಬಗಳ ಪೊಲೀಸ್‌ಗಿರಿ' ಅಂತ ಕರೆಯುತ್ತಾರೆ. ರಿಪೇರಿ ಸಾಕಾಗುವುದಿಲ್ಲ, ಕಿತ್ತು ಬೇರೆ ಕಟ್ಟಬೇಕು ಎಂಬುದು ಅವರ ನಿಲುವು. ಬೇರೆ ಕಟ್ಟುವವರೆಗೆ ಇವತ್ತು ರಾತ್ರಿ ಹೊಡೆತ ತಿನ್ನುವ ಮಗುವಿಗೆ ಯಾರು ಎಂಬ ಪ್ರಶ್ನೆಗೆ ಅವರ ಕಡೆಯಿಂದ ಮನಸ್ಸಿಗೆ ಒಪ್ಪುವ ಉತ್ತರ ಇನ್ನೂ ಬಂದಿಲ್ಲ ಅನ್ನಿಸುತ್ತದೆ.

ಹೊರದೇಶದ ನಮ್ಮವರಿಗೂ ಗೊತ್ತಿರುವ ಭಯ

2011ರಲ್ಲಿ ನಾರ್ವೆಯಲ್ಲಿ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಇಲಾಖೆ ಕರೆದೊಯ್ದ ಸುದ್ದಿ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕೈಯಿಂದ ತುತ್ತು ಕೊಟ್ಟಿದ್ದನ್ನೂ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡದ್ದನ್ನೂ ತಪ್ಪಾಗಿ ನೋಡಿದರು ಅಂತ ಹೆತ್ತವರು ಹೇಳಿದ್ದರು. ಆಗ ಭಾರತದಲ್ಲಿ ಎದ್ದ ಸಿಟ್ಟಿಗೆ ಲೆಕ್ಕವಿಲ್ಲ. ಕಪ್ಪು ಅಮೆರಿಕನ್ ತಾಯಂದಿರು ತಲೆಮಾರುಗಳಿಂದ ಹೇಳುತ್ತಿರುವುದೂ ಅದೇ ಮಾತು. ನಮ್ಮ ಮನೆ ನೋಡಲು ಬಂದವರಿಗೆ ನಮ್ಮ ಬದುಕು ಗೊತ್ತಿಲ್ಲ. ವ್ಯತ್ಯಾಸ ಏನೆಂದರೆ, ಅವರ ಪರವಾಗಿ ಮಾತಾಡಲು ಬೇರೊಂದು ದೇಶದ ರಾಯಭಾರ ಕಚೇರಿ ಇರಲಿಲ್ಲ.

ಮುಂದೆ ಏನಾಗಬಹುದು

ಎಲ್ಲವೂ ನಿಂತಿರುವುದು ಸಮಯ ಮತ್ತು ಹಣದ ಮೇಲೆ. ಮಿನ್ನೆಸೋಟದಲ್ಲಿ ಮಕ್ಕಳ ರಕ್ಷಣೆಯ ಕೆಲಸ ನಡೆಸುವುದು ಕೌಂಟಿಗಳು. ಸಿಬ್ಬಂದಿ ಸಾಲದು, ಖರ್ಚು ಯಾರದು ಅಂತ ಅವು ಕೇಳುತ್ತಿವೆ. ಕೇಳುವುದು ನ್ಯಾಯವೇ. ಒಬ್ಬ ಕಾರ್ಯಕರ್ತೆಯ ಮೇಲೆ ಕುಟುಂಬಗಳ ರಾಶಿ ಹೇರಿ 'ಸಕ್ರಿಯ ಪ್ರಯತ್ನ ಮಾಡು' ಅಂದರೆ ಎರಡರಲ್ಲಿ ಒಂದು ಆಗುತ್ತದೆ. ಪ್ರಯತ್ನ ಮತ್ತೆ ಹಾಳೆಗೆ ಇಳಿಯುತ್ತದೆ, ಈ ಸಲ ಉದ್ದದ ಹಾಳೆ. ಇಲ್ಲವೇ ಕೋರ್ಟಿನ ಭಯಕ್ಕೆ ನಿಜವಾದ ಅಪಾಯದಲ್ಲೂ ಕೈಕಟ್ಟಿ ಕೂರುವ ಪರಿಸ್ಥಿತಿ ಬರುತ್ತದೆ. ಅಂಥ ಒಂದು ಸಾವು ಸಂಭವಿಸಿದರೆ ಸಾಕು, ಕಾನೂನಿನ ಮೇಲೆ ಜನರ ಸಿಟ್ಟು ತಿರುಗುತ್ತದೆ.

ಹಣ ಜೊತೆಗಿದ್ದರೆ ಕಥೆ ಬೇರೆ. ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಸಾಕ್ಷಿ. ತಂದೆಯಿಂದ ಮಗುವಿಗೆ ಬರುವ ಜೀವನಾಂಶದಲ್ಲಿ ಸರ್ಕಾರ ತನ್ನ ಪಾಲು ಮುರಿದುಕೊಳ್ಳದೆ ಪೂರ್ತಿ ತಾಯಿಗೆ ಕೊಟ್ಟಾಗ ಆ ಮನೆಗಳ ಮೇಲಿನ ವಿಚಾರಣೆಗಳು ಕಡಿಮೆಯಾದವು. ತಾಯಂದಿರಿಗೆ ಯಾರೂ ಹೊಸ ಪಾಠ ಹೇಳಿಕೊಟ್ಟಿರಲಿಲ್ಲ, ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿತ್ತು ಅಷ್ಟೇ.

ಹಾಗಾಗಿ ಕೌಂಟಿಗಳ ಅಂಕಿಅಂಶ ಬಂದಾಗ ಎಷ್ಟು ಮಕ್ಕಳು ಹೊರಹೋಗುವುದು ತಪ್ಪಿತು ಎಂಬ ಒಂದೇ ಸಾಲು ನೋಡಿದರೆ ಸಾಲದು. ಮನೆಯಲ್ಲೇ ಉಳಿದ ಮಕ್ಕಳಲ್ಲಿ ಎಷ್ಟು ಮಂದಿಯ ಬಗ್ಗೆ ವರ್ಷದೊಳಗೆ ಮತ್ತೆ ದೂರು ಬಂತು, ಹೊರಹೋದವರಲ್ಲಿ ಎಷ್ಟು ಮಂದಿ ಅಜ್ಜಿ, ಚಿಕ್ಕಮ್ಮನ ಮನೆಯಲ್ಲಿದ್ದಾರೆ, ಬಾಡಿಗೆಗೆ, ರಿಪೇರಿಗೆ, ರಾತ್ರಿಯ ಆರೈಕೆಗೆ ಇಲಾಖೆ ಎಷ್ಟು ಖರ್ಚು ಮಾಡಿತು, ಇವನ್ನೂ ಪಕ್ಕದಲ್ಲಿ ಇಟ್ಟು ಓದಬೇಕು. ಕೊನೆಯ ಸಾಲು ಖಾಲಿ ಇದ್ದರೆ ಆ ಮನೆಯ ಫರ್ನೇಸ್ ಇನ್ನೂ ಕೆಟ್ಟೇ ಇದೆ, ಮಕ್ಕಳು ಇನ್ನೂ ಓವನ್ ಮುಂದೆ ಮಲಗುತ್ತಿದ್ದಾರೆ ಅಂತ ಅರ್ಥ.